ಅಮ್ಮನಿಗೆ ಯಾಕ್ರೀ ಬಣ್ಣಗೆಟ್ಟ ಸೀರೆ?

ತಿಪಟೂರಿನಿಂದ ಒಬ್ಬ ಅಭಿಮಾನಿ ಮಿತ್ರರು ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂತ ಕೊನೆಯಲ್ಲಿ ಎರಡು ಅಡಿಗೆರೆ ಎಳೆದಿರೋದರಿಂದ ಹಾಕುತ್ತಿಲ್ಲ. ಒಂದು ಕಾಲದ ನಾಯಕಿಯೊಬ್ಬರು ಯಾವುದೋ ಸಮಾರಂಭಕ್ಕೆ ತೋಳಿಲ್ಲದ ರವಿಕೆ ತೊಟ್ಟು, ಕೂದಲು ಬಿಟ್ಟುಕೊಂಡು ಬಂದಿದ್ದರಂತೆ. ಫೋಟೋ ನೋಡಿ ಇವರಿಗೆ ಬೇಜಾರಾಯಿತಂತೆ. "ಐವತ್ತರ ಹತ್ತಿರ ಬಂತು, ಇನ್ನೂ ಇದೆಲ್ಲಾ ಬೇಕಾ ಸಾರ್? ನೀವಾದ್ರೂ ಸ್ವಲ್ಪ ಬುದ್ಧಿ ಹೇಳಿ" ಅಂತ ಜವಾಬ್ದಾರಿಯನ್ನು ನನ್ನ ತಲೆಗೆ ಕಟ್ಟಿದ್ದಾರೆ. ಸರಿ, ಪುಟ ತಿರುಗಿಸಿದೆ. ಎರಡನೇ ಪುಟದಲ್ಲಿ ಇದೇ ಮಿತ್ರರು, ಐವತ್ತು ದಾಟಿದ ತಮ್ಮ ನೆಚ್ಚಿನ ನಾಯಕನಟ ಕೂದಲಿಗೆ ಹೊಸ ಕಟಿಂಗು ಮಾಡಿಸಿಕೊಂಡಿದ್ದಕ್ಕೆ ಜೈಕಾರ ಹಾಕಿದ್ದಾರೆ! ಪೆನ್ನು ಅದೇ, ಶಾಯಿ ಅದೇ, ಕೈಯೂ ಅದೇ. ನ್ಯಾಯ ಮಾತ್ರ ಎರಡು.

ನಟಿಯರಿಗೆ ಬುದ್ಧಿ ಹೇಳುವಷ್ಟು ದೊಡ್ಡ ಮನುಷ್ಯ ನಾನಲ್ಲ ಮಾರಾಯ್ರೇ. ಪಿಯುಸಿಗೆ ಶರಣು ಹೊಡೆದು ಸಿನಿಮಾ ಪತ್ರಿಕೆ ಸೇರಿದವನು. ಆದರೆ ಕೂಡುವುದು ಕಳೆಯುವುದು ಬರುತ್ತೆ. ಈ ವಾರ ನಾವು ನೀವು ಕೂತು ಸ್ವಲ್ಪ ಲೆಕ್ಕ ಮಾಡೋಣ.

ಮೊದಲು ಪಂಡರಿಬಾಯಿಯವರು. 1954ರ "ಬೇಡರ ಕಣ್ಣಪ್ಪ". ಅಣ್ಣಾವ್ರು ನಾಯಕರಾಗಿ ಬಂದ ಮೊದಲ ಚಿತ್ರ. ಅದರಲ್ಲಿ ಕಣ್ಣಪ್ಪನ ಹೆಂಡತಿ ಯಾರು? ಪಂಡರಿಬಾಯಿ. ಇಬ್ಬರೂ ಹೆಚ್ಚುಕಡಿಮೆ ಒಂದೇ ವಾರಗೆಯವರು. ಈಗ 32 ವರ್ಷ ಮುಂದೆ ಬನ್ನಿ. 1986ರ "ಅನುರಾಗ ಅರಳಿತು". ನಾಯಕ ಅದೇ ಅಣ್ಣಾವ್ರು, 57ರಲ್ಲೂ ಮೆಕ್ಯಾನಿಕ್ ಶಂಕರನಾಗಿ ತೆರೆ ತುಂಬ ಓಡಾಡುತ್ತಾರೆ, ಜೊತೆಗೆ ಮಾಧವಿ, ಗೀತಾ. ಪಂಡರಿಬಾಯಿ ಎಲ್ಲಿ? ಹಾಸಿಗೆ ಹಿಡಿದ ತಾಯಿಯಾಗಿ ಮಲಗಿದ್ದಾರೆ! ಒಂದೇ ಗಾಡಿಗೆ ಕಟ್ಟಿದ ಜೋಡಿ. ಒಬ್ಬರು ಇನ್ನೂ ನಾಯಕ, ಇನ್ನೊಬ್ಬರು ಅವರನ್ನು ಹೆತ್ತವರು.

ತಮಿಳಿನಲ್ಲಿ ಇನ್ನೂ ಚಮತ್ಕಾರ. 1952ರ "ಪರಾಶಕ್ತಿ"ಯಲ್ಲಿ ಇದೇ ಪಂಡರಿಬಾಯಿ ಶಿವಾಜಿ ಗಣೇಶನ್‌ಗೆ ಪ್ರೇಯಸಿ. 1969ರ "ದೈವ ಮಗನ್"ನಲ್ಲಿ ಶಿವಾಜಿಯವರದು ತ್ರಿಪಾತ್ರ, ಒಬ್ಬ ಅಪ್ಪ ಮತ್ತು ಇಬ್ಬರು ಮಕ್ಕಳು. ಪಂಡರಿಬಾಯಿ ಒಂದೇ ಟಿಕೆಟ್ಟಿನಲ್ಲಿ ಒಬ್ಬ ಶಿವಾಜಿಗೆ ಹೆಂಡತಿ, ಇಬ್ಬರು ಶಿವಾಜಿಗಳಿಗೆ ತಾಯಿ. ನಮ್ಮ "ಬಭ್ರುವಾಹನ"ದಲ್ಲೂ (1977) ಅದೇ ಸಂಗತಿ. ಅರ್ಜುನನೂ ಅಣ್ಣಾವ್ರೇ, ಬಭ್ರುವಾಹನನೂ ಅಣ್ಣಾವ್ರೇ. ನಡುವೆ ಚಿತ್ರಾಂಗದೆಯಾಗಿ ಬಿ. ಸರೋಜಾದೇವಿ. ಆಗ ಆಕೆಗೆ 39. ಮಗನಿಗೆ... ಬಿಡಿ, ನೀವೇ ಎಣಿಸಿಕೊಳ್ಳಿ.

ಲೀಲಾವತಿಯವರ ಲೆಕ್ಕ ಇನ್ನೂ ಕಷ್ಟದ್ದು. 1960ರಲ್ಲಿ "ರಾಣಿ ಹೊನ್ನಮ್ಮ", ಮರುವರ್ಷ "ಕಣ್ತೆರೆದು ನೋಡು", 1963ರಲ್ಲಿ "ಕುಲವಧು"... ಕನ್ನಡದ ಹುಡುಗರ ಹೃದಯದಲ್ಲಿ ರಾಣಿಯಾಗಿದ್ದ ನಾಯಕಿ. 1969ರ "ಗೆಜ್ಜೆ ಪೂಜೆ"ಗೆ ಬರುವ ಹೊತ್ತಿಗೆ ಕಲ್ಪನಾಗೆ ತಾಯಿ! ಲೀಲಾವತಿಯವರಿಗೆ ಆಗ ಇನ್ನೂ 32 ತುಂಬುವುದರಲ್ಲಿತ್ತು. ಮಗಳು ಕಲ್ಪನಾಗೆ 26. ಆ ಪಾತ್ರವನ್ನು ಅವರು ಎಷ್ಟು ಚೆನ್ನಾಗಿ ಮಾಡಿದರು ಅನ್ನೋದು ಬೇರೆ ಮಾತು. ಅದು ಅವರ ತಾಕತ್ತು. ನಾನು ಹೇಳ್ತಿರೋದು ನಮ್ಮ ಗಾಂಧಿನಗರದ ಪಂಚಾಂಗದ ಬಗ್ಗೆ. ಆ ಪಂಚಾಂಗದಲ್ಲಿ ಹೆಂಗಸಿಗೆ ಮೂವತ್ತಾದ ಮರುದಿನ ಅರವತ್ತು. ಗಂಡಸಿಗೆ ಮೂವತ್ತೈದು ಆದಮೇಲೆ ಕ್ಯಾಲೆಂಡರೇ ಹರಿಯೋದಿಲ್ಲ.

"ಪುಟ್ನಂಜ" (1995) ನೋಡಿದವರು ಕೈ ಎತ್ತಿ. ಎಲ್ಲರೂ ಎತ್ತಿದಿರಿ, ಗೊತ್ತು. ರವಿಮಾಮನ ಅಜ್ಜಿ ಪುಟ್ಮಲ್ಲಿಯಾಗಿ ಉಮಾಶ್ರೀ. ಬೆನ್ನು ಬಾಗಿಸಿ, ಬೊಚ್ಚು ಬಾಯಿಯ ಮಾತಿನಲ್ಲಿ ಇಡೀ ಟಾಕೀಸನ್ನೇ ನಗಿಸಿ ಅಳಿಸಿದ ಅಜ್ಜಿ. ಮೊಮ್ಮಗ ಹುಟ್ಟಿದ್ದು 1961ರಲ್ಲಿ. ಅಜ್ಜಿ ಹುಟ್ಟಿದ್ದು? 1957ರಲ್ಲಿ! ನಾಲ್ಕು ವರ್ಷದ ಅಂತರದಲ್ಲಿ ಎರಡು ತಲೆಮಾರು.

ಒಂದು ನಿಮಿಷ, ಅಭಿಮಾನಿ ದೇವರುಗಳು ಕೋಪ ಮಾಡಿಕೊಳ್ಳಬಾರದು. ಅಣ್ಣಾವ್ರ ಮೇಲೆ ನನ್ನ ದೂರಿಲ್ಲ. 2000ದ "ಶಬ್ದವೇಧಿ"ಯಲ್ಲಿ ಎಪ್ಪತ್ತರ ಹೊಸ್ತಿಲಲ್ಲೂ ಪೊಲೀಸ್ ಡ್ರೆಸ್ಸಿನಲ್ಲಿ ಅವರು ನಿಂತ ನಿಲುವಿಗೆ ಸಿಳ್ಳೆ ಹಾಕದವನು ಕನ್ನಡಿಗನೇ ಅಲ್ಲ. ಅದರ ನಾಯಕಿ ಜಯಪ್ರದಾಗೆ ಆಗ 38ರ ಆಸುಪಾಸು. ಸಂತೋಷ. ಆದರೆ ನನ್ನ ತಲೆಯಲ್ಲಿ ಒಂದು ತರಲೆ ಪ್ರಶ್ನೆ ಏಳುತ್ತೆ. ಮೂವತ್ತೆಂಟರ ಹೆಣ್ಣು ನಾಯಕಿಯಾಗಬೇಕಾದರೆ ನಾಯಕನಿಗೆ ಎಪ್ಪತ್ತಾಗಿರಬೇಕೇ?

ವಯಸ್ಸಿನ ಲೆಕ್ಕ ಸಾಕು, ಬಟ್ಟೆಗೆ ಬರೋಣ. ತಿಪಟೂರಿನ ಮಿತ್ರರ ತಕರಾರು ಇರೋದೇ ಬಟ್ಟೆಯ ಮೇಲೆ.

ಸಿನಿಮಾ ಅಮ್ಮನ ಡ್ರೆಸ್ಸು ಹೇಗಿರುತ್ತೆ ಅಂತ ನಿಮಗೆ ನಾನು ಹೇಳಬೇಕೇ? ಕಣ್ಣು ಮುಚ್ಚಿದರೂ ಕಾಣುತ್ತೆ. ಬೂದಿ ಬಣ್ಣದ ಅಥವಾ ಮಾಸಿದ ಕಾವಿ ಬಣ್ಣದ ಕಾಟನ್ ಸೀರೆ. ಕತ್ತಿನ ತನಕ ಮುಚ್ಚಿದ, ಮೊಳಕೈ ಮುಟ್ಟುವ ರವಿಕೆ, ಅದೂ ಸೀರೆಗೆ ಹೊಂದದ ಬಣ್ಣ. ಕಿವಿಯ ಪಕ್ಕದ ಕೂದಲಿಗೆ ಎರಡೆಳೆ ಬಿಳಿ ಬಣ್ಣ. ಕ್ಲೋಸಪ್ಪಿನಲ್ಲಿ ಅದು ಸುಣ್ಣ ಬಳಿದ ಹಾಗೇ ಕಾಣುತ್ತೆ. ಹೊಲಿಗೆ ಮಿಷನ್ ಒಂದು. ಕೆಮ್ಮು ಒಂದು. ಗಂಡ ಸತ್ತಿದ್ದರಂತೂ ಮುಗಿದೇ ಹೋಯಿತು, ಬಿಳಿ ಸೀರೆ, ಬೋಳು ಹಣೆ, ಗೋಡೆಯ ಫೋಟೋಗೆ ಹಾರ. ಇಷ್ಟು ಹಾಕಿದರೆ "ಮಮತಾಮಯಿ". ಅದೇ ವಯಸ್ಸಿನ ಹೆಂಗಸಿಗೆ ಬಣ್ಣದ ಸೀರೆ ಉಡಿಸಿ, ತುಟಿಗೆ ಲಿಪ್‌ಸ್ಟಿಕ್ ಹಚ್ಚಿ, ಕೈಯಿಲ್ಲದ ರವಿಕೆ ತೊಡಿಸಿದರೆ? ತಕ್ಷಣ ಅವಳು ನಾಯಕಿಯ ದುಡ್ಡಿನ ಮದದ ತಾಯಿ, ಇಲ್ಲವೇ ಮನೆ ಒಡೆಯುವ ಅತ್ತಿಗೆ, ಇಲ್ಲವೇ ಕ್ಲಬ್ಬಿನಲ್ಲಿ ಇಸ್ಪೀಟು ಆಡುವ ಲೇಡಿ. ಮೂರನೇ ರೀಲಿಗೇ ನಮಗೆ ಗೊತ್ತಾಗಿಬಿಡುತ್ತೆ, ಕ್ಲೈಮ್ಯಾಕ್ಸಿನಲ್ಲಿ ಈಕೆ ಅಳುತ್ತಾ ಬಂದು ಕಾಟನ್ ಸೀರೆ ಉಟ್ಟುಕೊಳ್ಳುತ್ತಾಳೆ ಅಂತ. ಬಟ್ಟೆಯೇ ಗುಣ, ಬಣ್ಣವೇ ಪಾಪ!

ಇದನ್ನು ನಾವು ನೋಡಿದ್ದು ಒಂದು ಸಲವಲ್ಲ. ಶುಕ್ರವಾರ ಶುಕ್ರವಾರ ನೋಡಿದ್ದು. ಗಾಂಧಿ ಕ್ಲಾಸಿನಿಂದ ಬಾಲ್ಕನಿ ತನಕ ಎಲ್ಲರ ತಲೆಗೂ ಇಳಿದಿದೆ. ಒಳ್ಳೇ ಅಮ್ಮ ಅಂದರೆ ಬಣ್ಣ ಬಿಟ್ಟವಳು.

ಆದರೆ ಒಂದು ಮಾತು. ಕನ್ನಡ ಚಿತ್ರರಂಗಕ್ಕೆ ಬೇರೆ ದಾರಿ ಗೊತ್ತೇ ಇರಲಿಲ್ಲ ಅನ್ನಬೇಡಿ. ಪುಟ್ಟಣ್ಣನವರ "ಶರಪಂಜರ"ದ ಕಾವೇರಿ ಯಾರು? ಮದುವೆಯಾದ, ಮಕ್ಕಳಿರುವ ಗೃಹಿಣಿ. ಕಲ್ಪನಾ ಆ ಪಾತ್ರಕ್ಕೆ ಉಟ್ಟ ಸೀರೆಗಳಿವೆಯಲ್ಲ, ಅವು ಊರೂರಿನ ಹೆಂಗಸರ ಮಾತಾದವು. ಆಕೆಯ ರವಿಕೆಯ ತೋಳು, ಕೈತುಂಬ ಬಳೆ, ದೊಡ್ಡ ಉಂಗುರ, ಹಣೆಯ ಬೊಟ್ಟು, ಎಲ್ಲವೂ ಆಮೇಲೆ ಹುಡುಗಿಯರ ಕಣ್ಣಲ್ಲಿ ಫ್ಯಾಷನ್. ಅವೆಲ್ಲ ಆಕೆಯದೇ ಆಯ್ಕೆ, ಆಕೆಯದೇ ಗುರುತು ಅನ್ನುವಂತೆ ಇರುತ್ತಿದ್ದವು. 1979ರಲ್ಲಿ 35ಕ್ಕೇ ಹೊರಟುಹೋದರು. ಇದ್ದಿದ್ದರೆ ಆ ಕಲ್ಪನಾಗೂ ನಲವತ್ತಕ್ಕೆ ಹೊಲಿಗೆ ಮಿಷನ್ ಕೊಟ್ಟು ಕೂರಿಸುತ್ತಿದ್ದರೋ ಏನೋ.

"ಎಡಕಲ್ಲು ಗುಡ್ಡದ ಮೇಲೆ" (1973) ಇನ್ನೊಂದು. ಮದುವೆಯಾದ ಹೆಣ್ಣಿಗೂ ಆಸೆ ಇರುತ್ತೆ ಅಂತ ನೇರವಾಗಿ ಹೇಳಿದ ಚಿತ್ರ. ಮಾಧವಿಯ ಪಾತ್ರಕ್ಕೆ ಜಯಂತಿ. ಜಯಂತಿಯವರ ಎದೆಗಾರಿಕೆ ಹೊಸದಲ್ಲ, 1965ರಲ್ಲೇ "ಮಿಸ್ ಲೀಲಾವತಿ"ಯಲ್ಲಿ ಈಜುಡುಗೆ ತೊಟ್ಟು ನಿಂತವರು. ಅವರೇ "ಆನಂದ್" (1986) ಚಿತ್ರದಲ್ಲಿ ಶಿವಣ್ಣನಿಗೆ ತಾಯಿ. ಆಗ ಅವರಿಗೆ 41, ಮಗನಿಗೆ 24ರ ಹತ್ತಿರ. ಇದು ನ್ಯಾಯವಾದ ಲೆಕ್ಕ, ಒಪ್ಪಿದೆ.

ಈಗ ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ ನೋಡಿ. ಲೀಲಾವತಿ ಮತ್ತು ಬಿ. ಸರೋಜಾದೇವಿ. ಒಬ್ಬರು 1937ರ ಡಿಸೆಂಬರ್, ಇನ್ನೊಬ್ಬರು 1938ರ ಜನವರಿ. ಇಬ್ಬರೂ ಎಂಬತ್ತು ದಾಟಿ ಬಾಳಿದರು. ಲೀಲಾವತಿಯವರು ನೆಲಮಂಗಲದ ಹತ್ತಿರ ಸೋಲದೇವನಹಳ್ಳಿಯಲ್ಲಿ ತೋಟ ಮಾಡಿಕೊಂಡು, ಮಣ್ಣಿನಲ್ಲಿ ಕೈ ಆಡಿಸಿಕೊಂಡು, ಊರಿನವರಿಗೆ ಆಸ್ಪತ್ರೆ ಕಟ್ಟಿಸಿದವರು. ಸಾದಾ ಸೀರೆ. 2023ರ ಡಿಸೆಂಬರಿನಲ್ಲಿ ತೀರಿಕೊಂಡರು. ಸರೋಜಾದೇವಿಯವರು ಇದಕ್ಕೆ ಪೂರಾ ಬೇರೆ. ಬೆಂಗಳೂರಿನಲ್ಲಿ ಯಾವ ಸಭೆಗೆ ಬಂದರೂ ರೇಷ್ಮೆ ಸೀರೆ, ಒಡವೆ, ತಿದ್ದಿದ ಹುಬ್ಬು, ಹಣೆಗೆ ಬೊಟ್ಟು, ಒಪ್ಪವಾಗಿ ಕಟ್ಟಿದ ಕೂದಲು. 1967ರಲ್ಲಿ ಮದುವೆಯಾದ ಮೇಲೂ ನಟಿಸುವುದು ಬಿಡಲಿಲ್ಲ. "ಭಾಗ್ಯವಂತರು" (1977) ಮಾಡಿದಾಗ ಆಕೆಗೆ 39, ಆಗಲೂ ಅಣ್ಣಾವ್ರ ಜೋಡಿಯೇ. 1986ರಲ್ಲಿ ಪತಿ ತೀರಿಕೊಂಡರು. ನಮ್ಮ ಸಿನಿಮಾದ ನಿಯಮದ ಪ್ರಕಾರ ಅಂದೇ ಬಿಳಿ ಸೀರೆ ಬರಬೇಕಿತ್ತು ಅಲ್ಲವೇ? ಆಕೆ ಕೊನೇ ತನಕ ಬಣ್ಣದಲ್ಲೇ ಕಾಣಿಸಿಕೊಂಡರು. 2019ರಲ್ಲಿ ಅಪ್ಪು ಅವರ "ನಟಸಾರ್ವಭೌಮ"ದಲ್ಲಿ ಒಂದು ಗಳಿಗೆ ಬಂದಾಗ 81. ಬಂದದ್ದು ಸರೋಜಾದೇವಿಯಾಗಿಯೇ, ಯಾರದೋ ಕೆಮ್ಮುವ ಅಜ್ಜಿಯಾಗಿ ಅಲ್ಲ. 2025ರ ಜುಲೈನಲ್ಲಿ ಹೋದರು.

ಇವರಲ್ಲಿ ಯಾರು ಸರಿ ಅಂತ ಕೇಳಬೇಡಿ, ಸಿಟ್ಟು ಬರುತ್ತೆ. ಸಾದಾ ಸೀರೆ ಒಬ್ಬರ ಇಷ್ಟ, ರೇಷ್ಮೆ ಇನ್ನೊಬ್ಬರ ಇಷ್ಟ. ಸ್ಟೈಲು ಅಂದರೆ ತೋಳಿಲ್ಲದ ರವಿಕೆಯೇ ಆಗಬೇಕಿಲ್ಲ ಕಣ್ರೀ. ಬೆಳಿಗ್ಗೆ ಎದ್ದು ಇವತ್ತು ಏನು ಉಡಲಿ ಅಂತ ಬೀರು ತೆಗೆದಾಗ, ಅಲ್ಲಿ ಕೈ ಹಾಕಿದ್ದು ಯಾರ ಕೈ? ತನ್ನದೋ, ಗಂಡನದೋ, ಮಗನದೋ, ಬೀದಿಯದೋ? ಅಷ್ಟೇ ಪ್ರಶ್ನೆ.

ಉಮಾಶ್ರೀಯವರಿಗೆ ಮತ್ತೆ ಬರುತ್ತೇನೆ, ಯಾಕೆಂದರೆ ಅವರದು ಅರ್ಧಕ್ಕೆ ಬಿಡುವ ಕಥೆಯಲ್ಲ. 1984ರ "ಅನುಭವ"ದಿಂದ ಶುರುವಾಗಿ ಎಷ್ಟು ವರ್ಷ ಅವರಿಗೆ ಸಿಕ್ಕಿದ್ದು ಎರಡರ್ಥದ ಮಾತಿನ ಪಾತ್ರಗಳು! ಎನ್.ಎಸ್. ರಾವ್ ಜೊತೆ ಕಾಮಿಡಿ. ಆಮೇಲೆ ಅಜ್ಜಿ. ನಾಯಕಿಯ ಬಾಗಿಲು ಮುಚ್ಚಿದ್ದೇ ಮುಚ್ಚಿದ್ದು. ಅಂಥವರು ಐವತ್ತರ ಸುಮಾರಿಗೆ ಗಿರೀಶ್ ಕಾಸರವಳ್ಳಿಯವರ "ಗುಲಾಬಿ ಟಾಕೀಸು" (2008) ಮಾಡಿದರು. ಮೂಲ ವೈದೇಹಿಯವರ ಕಥೆ. ಕುಂದಾಪುರದ ಕಡೆಯ ಮೀನುಗಾರರ ಊರು, ಗಂಡ ಬಿಟ್ಟುಹೋದ ಸೂಲಗಿತ್ತಿ, ಸಿನಿಮಾ ಅಂದರೆ ಪ್ರಾಣ. ನಮ್ಮ ನಿಮ್ಮ ಹಾಗೇ ಸಿನಿಮಾ ಹುಚ್ಚಿನವಳು ಕಣ್ರೀ! ಮನೆಗೊಂದು ಟೀವಿ, ಡಿಶ್ ಬಂದ ಮೇಲೆ ಊರ ಹೆಂಗಸರೆಲ್ಲ ಅವಳ ಮನೆಯಲ್ಲಿ ಸೇರುತ್ತಾರೆ. ಕಾಂತಾಸಮ್ಮಿತ, ಕಲಾತ್ಮಕ ಅಂತೆಲ್ಲ ದೊಡ್ಡ ಮಾತು ನನಗೆ ಬೇಡ. ಸಿನಿಮಾ ನೋಡುವಾಗ ಆ ಹೆಂಗಸಿನ ಮುಖ ಹೇಗೆ ಅರಳುತ್ತೆ, ಅದನ್ನು ನೋಡಿ. ಐವತ್ತರ ಹೆಣ್ಣಿಗೂ ತನ್ನದೇ ಒಂದು ಖುಷಿ ಇರುತ್ತೆ ಅಂತ ನಿಮ್ಮ ಕಣ್ಣಿಗೇ ಕಾಣುತ್ತೆ. ರಾಷ್ಟ್ರಮಟ್ಟದ ಶ್ರೇಷ್ಠ ನಟಿ ಪ್ರಶಸ್ತಿ ಬಂತು. 2013ರಲ್ಲಿ ತೇರದಾಳದಿಂದ ಗೆದ್ದು ಮಂತ್ರಿಯೂ ಆದರು. ಎರಡರ್ಥದ ಮಾತಿಗೆ ಶಿಳ್ಳೆ ಹೊಡೆದ ಜನರೇ ಎದ್ದು ನಿಂತು ನಮಸ್ಕಾರ ಮಾಡಿದರು.

ಇಷ್ಟೂ ತಾರೆಯರ ವಿಷಯ. ಅವರಿಗೆ ಹೆಸರಿದೆ, ದನಿಯಿದೆ, ನಿಭಾಯಿಸಿಕೊಳ್ಳುತ್ತಾರೆ. ಈ ಪತ್ರಿಕೆಯನ್ನು ಬಸ್ ಸ್ಟ್ಯಾಂಡಿನಲ್ಲಿ ಕೊಂಡು ಓದುತ್ತಿರುವ ನಿಮ್ಮ ಮನೆಯಲ್ಲೂ ಒಬ್ಬ ನಲವತ್ತೈದರ ಹೆಂಗಸು ಇರಬಹುದಲ್ಲ, ಅವರ ವಿಷಯಕ್ಕೆ ಬರೋಣ. ನಮ್ಮನೆಯದನ್ನೇ ಹೇಳ್ತೀನಿ.

ನಮ್ಮ ಚಿಕ್ಕಮ್ಮ ಪೀಣ್ಯದ ಕಡೆ ಒಂದು ಗಾರ್ಮೆಂಟ್ಸಿನಲ್ಲಿ ಕೆಲಸ. ವಯಸ್ಸು 46. ದಿನವಿಡೀ ಗಂಡಸರ ಶರಟಿಗೆ ಕಾಲರ್ ಕೂರಿಸೋದು. ಗಂಟೆಗೆ ಇಷ್ಟು ಅಂತ ಟಾರ್ಗೆಟ್ಟು, ಹಿಂದೆ ಬಿದ್ದರೆ ಸೂಪರ್‌ವೈಸರನ ಬಾಯಿ. ನಿಮ್ಮಂಥ ಹುಡುಗರು ಕನ್ನಡಿ ಮುಂದೆ ನಿಂತು ಎತ್ತಿ ನಿಲ್ಲಿಸಿಕೊಳ್ಳುವ ಕಾಲರ್ ಇದೆಯಲ್ಲ, ಅದು ನೆಟ್ಟಗೆ ನಿಲ್ಲೋದು ಇಂಥವರ ಕೈಗುಣದಿಂದ. ಯಾವ ಬಟ್ಟೆ ಯಾರಿಗೆ ಹೇಗೆ ಕೂರುತ್ತೆ ಅಂತ ಚಿಕ್ಕಮ್ಮನಿಗೆ ಗೊತ್ತಿರುವಷ್ಟು ನಮ್ಮ ಎಷ್ಟೋ ಕಾಸ್ಟ್ಯೂಮ್ ಮಾಸ್ಟರುಗಳಿಗೆ ಗೊತ್ತಿಲ್ಲ.

ಹೋದ ವರ್ಷ ಬೋನಸ್ ದುಡ್ಡಿನಲ್ಲಿ ಒಂದು ಚೂಡಿದಾರ್ ತಗೊಂಡರು. ಗಿಳಿ ಹಸಿರು ಟಾಪು, ಬಿಳಿ ಪ್ಯಾಂಟು. ಭುಜದ ಹತ್ತಿರ ಸ್ವಲ್ಪ ಸಡಿಲ ಇತ್ತಂತೆ, ತಾವೇ ಬಿಚ್ಚಿ ಹಿಡಿದು ಹೊಲಿದುಕೊಂಡರು. "ಯಾಕೆ ಚಿಕ್ಕಮ್ಮ ಇದ್ದಕ್ಕಿದ್ದಂಗೆ?" ಅಂದೆ. "ಸೆರಗು ಮಿಷನ್ ಬೆಲ್ಟಿಗೆ ಸಿಕ್ಕೊಳ್ಳುತ್ತೆ ಕಣೋ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಅದು ಅರ್ಧ. ಇನ್ನರ್ಧ, ಆ ಬಣ್ಣ ನಂಗೆ ಚಿಕ್ಕಂದಿನಿಂದಲೂ ಇಷ್ಟ" ಅಂದರು. ತಮಿಳರು ಸರೋಜಾದೇವಿಯವರನ್ನು ಕನ್ನಡದ ಗಿಳಿ ಅಂತ ಕರೆದದ್ದು ನೆನಪಾಗಿ ಹೇಳಿದೆ. "ಸುಮ್ನಿರೋ, ತಲೆಹರಟೆ" ಅಂತ ಬೆನ್ನಿಗೊಂದು ಗುದ್ದು ಬಿತ್ತು. ಆದರೂ ಸಂಜೆ ತನಕ ಮುಖದಲ್ಲಿ ನಗು ಇತ್ತು.

ಅವರ ಮಗನಿಗೆ 19. ನನಗೆ ತಮ್ಮ. ಒಳ್ಳೇ ಹುಡುಗನೇ, ದುಡಿಯುತ್ತಾನೆ, ಅಮ್ಮನ ಕೈಗೆ ದುಡ್ಡು ಕೊಡುತ್ತಾನೆ. ಬೈಕಿನ ಹಿಂದೆ ತನ್ನ ಹೀರೋನ ಸ್ಟಿಕ್ಕರ್. ಆ ಹೀರೋನ ಹೊಸ ಪಿಕ್ಚರ್ ಬಂದಾಗ, ಅಮ್ಮ ಮಗ ಇಬ್ಬರೂ ಹೋಗೋಣ ಅಂತ ಚಿಕ್ಕಮ್ಮನೇ ಓಟಿ ದುಡ್ಡಿನಲ್ಲಿ ಎರಡು ಟಿಕೆಟ್ ಮಾಡಿಸಿದ್ದರು. ಸಂಜೆ ಹಸಿರು ಟಾಪು ಹಾಕಿ, ಜಡೆಗೆ ಕ್ಲಿಪ್ಪು ಹಾಕಿಕೊಂಡು ಹೊರಗೆ ಬಂದರು. ಹುಡುಗ ಮೇಲಿಂದ ಕೆಳಗೆ ನೋಡಿದ. "ಅಲ್ಲಿ ನಮ್ ಹುಡುಗ್ರೆಲ್ಲ ಇರ್ತಾರಮ್ಮ. ವಯಸ್ಸಿಗೆ ತಕ್ಕಂಗೆ ಸೀರೆ ಉಟ್ಕೊಂಡ್ ಬಾ. ಇಲ್ಲಾಂದ್ರೆ ಬರ್ಬೇಡ."

ಚಿಕ್ಕಮ್ಮ ಜಗಳ ಆಡಲಿಲ್ಲ. ಒಳಗೆ ಹೋಗಿ ಅನ್ನಕ್ಕಿಟ್ಟರು. ಒಂದು ಸೀಟು ಖಾಲಿಯಾಗೇ ಇತ್ತು ಆವತ್ತು.

ವಾರ ಕಳೆದು ಹುಡುಗ ಸಿಕ್ಕ. ಟೀ ಅಂಗಡಿಯಲ್ಲಿ ಕೂರಿಸಿಕೊಂಡೆ. ಪಿಕ್ಚರ್ ಹೇಗಿತ್ತು ಅಂದರೆ ಇಂಟ್ರೊಡಕ್ಷನ್ ಸೀನಿನಿಂದ ಶುರು ಮಾಡಿದ. ಹರಿದ ಜೀನ್ಸಂತೆ, ಕಿವಿಗೆ ಓಲೆಯಂತೆ, ಕೆಂಪು ಜಾಕೆಟ್ಟಂತೆ. "ಏನ್ ಸ್ಟೈಲ್ ಅಣ್ಣ!" ಅಂದ.

"ನಿಮ್ ಹೀರೋಗೆ ವಯಸ್ಸೆಷ್ಟೋ?" ಅಂದೆ.

"ಐವತ್ತು ದಾಟಿರಬೇಕು. ಕಾಣಲ್ಲ ಬಿಡಣ್ಣ."

"ನಿಮ್ಮಮ್ಮಂಗೆ?"

ಟೀ ಲೋಟ ತಿರುಗಿಸುತ್ತಾ ಕೂತ. "ಅದು ಬೇರೆ ಅಣ್ಣ" ಅಂದ. ಹೇಗೆ ಬೇರೆ ಅಂತ ಕೇಳಿದೆ. ಹುಡುಗರು ಆಡಿಕೊಳ್ತಾರೆ ಅಂದ. ಅವನ ಮಾತಿನಲ್ಲೂ ಸತ್ಯ ಇದೆ, ಅದನ್ನು ತಳ್ಳಿಹಾಕೋಕಾಗಲ್ಲ. ಥಿಯೇಟರ್ ಮುಂದೆ ಕಟೌಟಿಗೆ ಹಾಲು ಸುರಿಯುತ್ತಾ ನಿಂತ ಗುಂಪಿನಲ್ಲಿ ಯಾವನೋ ಒಬ್ಬ "ಏನ್ ಮಗಾ, ನಿಮ್ಮಮ್ಮ ಹೀರೋಯಿನ್ನಾ?" ಅಂದೇ ಅನ್ನುತ್ತಾನೆ. ಅನ್ನೋರು ಯಾರು? ಗೆಳೆಯರೇ, ನೀವೇ. ಈ ಪುಟ ಹಿಡಿದಿರೋ ಕೈಗಳೇ. ಹಂಗೆ ಅಂದವನ ಮನೆಯಲ್ಲೂ ಬೀರುವಿನ ತಳದಲ್ಲಿ ಒಂದು ಗಿಳಿ ಹಸಿರು ಮಡಿಸಿಟ್ಟಿರಬಹುದು, ಯಾರು ಕಂಡರು!

ತಿಪಟೂರಿನ ಮಿತ್ರರು ಕೇಳಿದ ಆ ನಟಿಯನ್ನು ನಾನು ಹೋಗಿ ಮಾತಾಡಿಸಿಲ್ಲ. ಮಾತಾಡಿಸಿದರೂ ಬಟ್ಟೆ ಬಗ್ಗೆ ಕೇಳೋದಿಲ್ಲ. ಐವತ್ತರ ನಾಯಕರಿಗೆ ನಾವು ಪತ್ರಕರ್ತರು ಜೀನ್ಸ್ ಬಗ್ಗೆ ಕೇಳಿದ್ದುಂಟೇ? ಪಾತ್ರ ಕೇಳುತ್ತೇವೆ, ಮುಂದಿನ ಚಿತ್ರ ಕೇಳುತ್ತೇವೆ. ಅವರನ್ನೂ ಅದನ್ನೇ ಕೇಳೋದು.

ಚಿಕ್ಕಮ್ಮನ ಸುದ್ದಿ ಹೇಳಿಬಿಡ್ತೀನಿ. ಫ್ಯಾಕ್ಟರಿಗೆ ಚೂಡಿದಾರಿನಲ್ಲೇ ಹೋಗುತ್ತಿದ್ದಾರೆ. ಬೆಳಿಗ್ಗೆ ಎಂಟಕ್ಕೆ ಮುಂಚೆ ಮನೆ ಬಿಡುತ್ತಾರೆ, ಮಗ ಏಳೋದು ಒಂಬತ್ತಕ್ಕೆ. ಅವರ ಲೈನಿನಲ್ಲಿ ಇನ್ನೂ ಮೂರು ಜನ ತಗೊಂಡಿದ್ದಾರಂತೆ, ಎಲ್ಲರದ್ದೂ ಭುಜ ಹಿಡಿದುಕೊಟ್ಟಿದ್ದು ಚಿಕ್ಕಮ್ಮನೇ. ಹುಡುಗ ಇನ್ನೂ ಒಪ್ಪಿಲ್ಲ. ಮೊನ್ನೆ ಭಾನುವಾರ ಇಸ್ತ್ರಿ ಅಂಗಡಿಗೆ ತನ್ನ ಶರಟು ತಗೊಂಡು ಹೊರಟವನು, ಗೊಣಗಿಕೊಂಡೇ ಆ ಹಸಿರು ಟಾಪನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು ಹೋದ ಅಂತ ಚಿಕ್ಕಮ್ಮ ಫೋನಿನಲ್ಲಿ ಹೇಳಿದರು. ಹೇಳುವಾಗ ದನಿ ತಗ್ಗಿಸಿದ್ದರು, ಪಕ್ಕದ ರೂಮಿನಲ್ಲೇ ಇದ್ದನಂತೆ.

ಜಾಗ ಮುಗಿಯಿತು, ಸಂಪಾದಕರು ಗಡಿಯಾರ ನೋಡುತ್ತಿದ್ದಾರೆ. ಮುಂದಿನ ವಾರ ಖಳನಾಯಕರ ಮೀಸೆ. ವಜ್ರಮುನಿಯವರಿಂದಲೇ ಶುರು ಮಾಡೋಣ. ಬರ್ಲಾ?